ಆರು ನಿಮಿಷಕ್ಕೆ ನೂರು ಜನರಿಗೆ ಊಟ ಹಾಕಿದ ಯಂತ್ರ: ಬಟ್ಟಲಲ್ಲಿ ಇದ್ದದ್ದೇನು?

‘ಒಂದು ಬಟ್ಟಲು ಸೂಪ್ ಒಂದು ಊಟಕ್ಕೆ ಸಮ’, ‘ಮೂಳೆ ಕುದಿಸಿದ ನೀರಿನಲ್ಲೇ ಎಲ್ಲಾ ಶಕ್ತಿ ಇಳಿದಿರುತ್ತದೆ’. ಇಂಥ ಮೆಸೇಜ್ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು. ಹುಷಾರಿಲ್ಲದವರಿಗೆ ಬಿಸಿ ಸೂಪ್ ಹಿತವಾಗಿರುತ್ತದೆ, ಅದರಲ್ಲಿ ಅನುಮಾನವಿಲ್ಲ. ಆದರೆ ಅದು ಊಟಕ್ಕೆ ಸಮವೇ? ಈ ಪ್ರಶ್ನೆ ಹೊಸದಲ್ಲ. 1847ರಲ್ಲಿ ಐರ್ಲೆಂಡಿನಲ್ಲಿ ಲಕ್ಷಾಂತರ ಜನರ ಜೀವ ಇದೇ ಪ್ರಶ್ನೆಯ ಮೇಲೆ ನಿಂತಿತ್ತು. ಆ ಸೂಪಿಗೆ ರೆಸಿಪಿ ಕೊಟ್ಟವನು, ಅದನ್ನು ಬಡಿಸಲು ಎರಡು ತಿಂಗಳೊಳಗೆ ಒಂದು ಅಡುಗೆ ಯಂತ್ರವನ್ನೇ ಕಟ್ಟಿಸಿದವನು ಆ ಕಾಲದ ಅತಿ ಪ್ರಸಿದ್ಧ ಬಾಣಸಿಗ ಅಲೆಕ್ಸಿಸ್ ಸೊಯರ್.

ಇವತ್ತು ಟಿವಿಯಲ್ಲಿ ಬರುವ ಸ್ಟಾರ್ ಶೆಫ್‌ಗಳಿಗೆಲ್ಲ ಈತ ಮುತ್ತಜ್ಜ ಎನ್ನಬಹುದು. ಹುಟ್ಟಿದ್ದು 1810ರ ಫೆಬ್ರವರಿ 4ರಂದು, ಫ್ರಾನ್ಸಿನ ಮೋ ಎಂಬ ಊರಿನಲ್ಲಿ. ಹುಡುಗನಾಗಿದ್ದಾಗಲೇ ಪ್ಯಾರಿಸ್ಸಿಗೆ ಹೋಗಿ ಅಡುಗೆ ಕಲಿತ. 1830ರ ಕ್ರಾಂತಿಯ ಹೊತ್ತಿಗೆ ಮಂತ್ರಿಯೊಬ್ಬರ ಅಡುಗೆಮನೆಯಲ್ಲಿದ್ದ. ಒಳಗೆ ನುಗ್ಗಿದ ಗುಂಪಿನ ಮುಂದೆ ಕ್ರಾಂತಿಗೀತೆ ಹಾಡಿ ಜೀವ ಉಳಿಸಿಕೊಂಡ ಎಂಬ ಕಥೆ ಎಲ್ಲ ಕಡೆ ಓಡಾಡುತ್ತದೆ. ಕೇಳಲು ಚೆನ್ನಾಗಿದೆ, ಆದರೆ ತನ್ನ ಬಗ್ಗೆ ತಾನೇ ಪ್ರಚಾರ ಮಾಡಿಕೊಳ್ಳುವುದರಲ್ಲಿ ಸೊಯರ್ ಎತ್ತಿದ ಕೈ, ಆದ್ದರಿಂದ ಇದನ್ನು ಕಥೆ ಎಂದೇ ಇಟ್ಟುಕೊಳ್ಳೋಣ. ಮರುವರ್ಷ ಆತ ಇಂಗ್ಲೆಂಡ್ ಸೇರಿದ.

1837ರಲ್ಲಿ ಲಂಡನ್ನಿನ ರಿಫಾರ್ಮ್ ಕ್ಲಬ್ ಆತನನ್ನು ಮುಖ್ಯ ಬಾಣಸಿಗನಾಗಿ ನೇಮಿಸಿಕೊಂಡಿತು. ರಾಜಕಾರಣಿಗಳು ಸೇರುವ ಕ್ಲಬ್ ಅದು. 1838ರಲ್ಲಿ ವಿಕ್ಟೋರಿಯಾ ರಾಣಿಯ ಪಟ್ಟಾಭಿಷೇಕದ ದಿನ ಅಲ್ಲಿ ಸುಮಾರು 2,000 ಜನರಿಗೆ ಬೆಳಗಿನ ಉಪಾಹಾರ ಮಾಡಿಸಿದ. ಕ್ಲಬ್ಬಿನ ಹೊಸ ಕಟ್ಟಡ 1841ರಲ್ಲಿ ತೆರೆದಾಗ ಅದರ ಅಡುಗೆಮನೆ ನೋಡಲು ಜನ ಸಾಲು ನಿಂತರು. ಎಲ್ಲರ ಮನೆಯಲ್ಲೂ ಕಲ್ಲಿದ್ದಲ ಹೊಗೆಯಿದ್ದ ಕಾಲದಲ್ಲಿ ಇಲ್ಲಿ ಗ್ಯಾಸ್ ಒಲೆಗಳಿದ್ದವು, ಉರಿ ಹೆಚ್ಚು ಕಡಿಮೆ ಮಾಡಬಹುದಿತ್ತು. ಮಾಂಸ ಸುಡುವ ಕಂಬಿಗಳನ್ನು ತಿರುಗಿಸಲು, ಊಟವನ್ನು ಮೇಲಂತಸ್ತಿಗೆ ಏರಿಸಲು ಆವಿ ಯಂತ್ರವಿತ್ತು. ಸೊಯರ್‌ನ ತಲೆಯಲ್ಲಿ ಅಡುಗೆ ಎಂದರೆ ಬರೀ ರುಚಿಯಲ್ಲ: ಇಂಧನ, ಸಮಯ, ಜನ ಓಡಾಡುವ ದಾರಿ, ಎಲ್ಲ ಸೇರಿದ ಒಂದು ಯಂತ್ರ.

1842ರಲ್ಲಿ ಚಿತ್ರ ಕಲಾವಿದೆಯಾಗಿದ್ದ ಹೆಂಡತಿ ಎಮ್ಮಾ ಗರ್ಭಿಣಿಯಾಗಿದ್ದಾಗ ತೀರಿಕೊಂಡಳು. ಸೊಯರ್ ಆಗ ಊರಲ್ಲಿರಲಿಲ್ಲ. ಆತ ಮತ್ತೆ ಮದುವೆಯಾಗಲಿಲ್ಲ.

ಆಲೂಗಡ್ಡೆ ಕೊಳೆತ ದೇಶ

ಐರ್ಲೆಂಡಿನ ಬಡ ಕೂಲಿಕಾರನ ಊಟ ಎಂದರೆ ಆಲೂಗಡ್ಡೆ. ದುಡಿಯುವ ಗಂಡಸು ದಿನಕ್ಕೆ ಐದಾರು ಕಿಲೋ ತಿನ್ನುತ್ತಿದ್ದ, ಜೊತೆಗೆ ಮಜ್ಜಿಗೆ. ನಮಗೆ ಅತಿ ಎನಿಸಬಹುದು, ಆದರೆ ಅದರಲ್ಲಿ 4,000 ಕ್ಯಾಲೊರಿಗೆ ಕಡಿಮೆಯಿಲ್ಲದ ಶಕ್ತಿ, ಬೇಕಾದಷ್ಟು ವಿಟಮಿನ್ ಸಿ, ಸಾಕಷ್ಟು ಪ್ರೋಟೀನ್ ಎಲ್ಲ ಇತ್ತು. 1845ರಲ್ಲಿ ಫೈಟೋಫ್ತೊರಾ ಎಂಬ ಅಂಗಮಾರಿ ರೋಗ ಬಂದು ಬೆಳೆಯನ್ನು ನೆಲದಲ್ಲೇ ಕೊಳೆಸಿತು. ನಮ್ಮ ಟೊಮೆಟೊ, ಆಲೂಗಡ್ಡೆ ಬೆಳೆಗಾರರಿಗೆ ಈ ಅಂಗಮಾರಿ ಇವತ್ತಿಗೂ ಗೊತ್ತು. 1846ರಲ್ಲಿ ಬೆಳೆ ಪೂರ್ತಿ ಹೋಯಿತು.

ಬ್ರಿಟಿಷ್ ಸರ್ಕಾರ ಮೊದಲು ಹಿಡಿದ ದಾರಿ ಪರಿಹಾರ ಕಾಮಗಾರಿ: ರಸ್ತೆ ಮಾಡಿ, ಕಲ್ಲು ಒಡೆಯಿರಿ, ಕೂಲಿ ತೆಗೆದುಕೊಳ್ಳಿ. 1847ರ ಮಾರ್ಚ್ ಹೊತ್ತಿಗೆ ಏಳು ಲಕ್ಷಕ್ಕೂ ಹೆಚ್ಚು ಜನ ಆ ಕೆಲಸದಲ್ಲಿದ್ದರು. ಕೂಲಿ ಸಾಲುತ್ತಿರಲಿಲ್ಲ, ಚಳಿ ಬೇರೆ, ಹಸಿದವರು ಕೆಲಸದ ಜಾಗದಲ್ಲೇ ಬಿದ್ದು ಸಾಯತೊಡಗಿದರು. ಆಗ ಸರ್ಕಾರ ನೀತಿ ಬದಲಿಸಿ ನೇರವಾಗಿ ಬೇಯಿಸಿದ ಆಹಾರ ಕೊಡುವ ಕಾನೂನು ತಂದಿತು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಗಂಜಿ ಕೇಂದ್ರಗಳು. ಆದರೆ ಸಾವಿರ ಸಾವಿರ ಜನರಿಗೆ ದಿನವೂ ಬಿಸಿ ಊಟ ಹಾಕುವುದು ಹೇಗೆಂದು ಅಧಿಕಾರಿಗಳಿಗೆ ಗೊತ್ತಿರಲಿಲ್ಲ.

ಸೊಯರ್‌ಗೆ ಗೊತ್ತಿತ್ತು, ಅಥವಾ ಗೊತ್ತಿದೆ ಎಂದು ಆತ ಪತ್ರಿಕೆಗಳಿಗೆ ಬರೆದ. 1847ರ ಫೆಬ್ರವರಿಯಲ್ಲಿ ಆತನ ಪತ್ರಗಳು ಅಚ್ಚಾದವು, ಜೊತೆಗೆ ಅಗ್ಗದ ಸೂಪಿನ ರೆಸಿಪಿಗಳು. ಸರ್ಕಾರ ಡಬ್ಲಿನ್‌ಗೆ ಕರೆಯಿತು, ಕ್ಲಬ್ ರಜೆ ಕೊಟ್ಟಿತು. ಏಪ್ರಿಲ್ 5ಕ್ಕೆ ಉದ್ಘಾಟನೆ. ತಡವಾದ ಒಂದೊಂದು ದಿನಕ್ಕೂ ಎಷ್ಟು ಹೆಣ ಬೀಳುತ್ತದೆ ಎಂಬುದು ಎಲ್ಲರಿಗೂ ಕಾಣುತ್ತಿದ್ದ ಡೆಡ್‌ಲೈನ್ ಅದು.

ಯಂತ್ರ ಹೇಗೆ ಕೆಲಸ ಮಾಡುತ್ತಿತ್ತು

ಡಬ್ಲಿನ್ನಿನ ರಾಯಲ್ ಬ್ಯಾರಕ್ಸ್ ಎದುರಿನ ಬಯಲಿನಲ್ಲಿ ಮರ ಮತ್ತು ಕ್ಯಾನ್ವಾಸ್ ಬಟ್ಟೆಯ ಒಂದು ದೊಡ್ಡ ಡೇರೆ. ಕಲ್ಲು ಗಾರೆ ಬೇಡ ಎಂದಿದ್ದರಿಂದಲೇ ಇಷ್ಟು ಬೇಗ ಎದ್ದು ನಿಂತಿತು. ಎರಡು ತುದಿಗೂ ಬಾಗಿಲು. ನಡುವೆ 300 ಗ್ಯಾಲನ್ ಹಂಡೆ, ಅಂದರೆ ಸುಮಾರು 1,360 ಲೀಟರ್. ಜೊತೆಗೆ ಬ್ರೆಡ್ ಬೇಯಿಸುವ ಒಲೆ. ಹಂಡೆಯ ಆವಿಯನ್ನೇ ಕೊಳವೆಯಲ್ಲಿ ಹಾಯಿಸಿ ಬೇರೆ ಪಾತ್ರೆಗಳಲ್ಲಿನ ಸೂಪನ್ನು ಬಿಸಿಯಾಗಿ ಇಡುವ ವ್ಯವಸ್ಥೆ.

ಆದರೆ ಆತನ ನಿಜವಾದ ಜಾಣ್ಮೆ ಹಂಡೆಯಲ್ಲಿರಲಿಲ್ಲ, ಸಾಲಿನಲ್ಲಿತ್ತು. ಹೊರಗೆ ಹಾವಿನಂತೆ ಸುತ್ತಿ ಬರುವ ದಾರಿಯಲ್ಲಿ ನೂರು ಜನ ಕಾಯುತ್ತಿರುತ್ತಾರೆ. ಗಂಟೆ ಬಾರಿಸಿದ ಕೂಡಲೇ ಒಂದು ಬಾಗಿಲಿನಿಂದ ಒಳಗೆ. ಉದ್ದ ಮೇಜುಗಳಲ್ಲಿ ತೂತು ಕೊರೆದು ನೂರು ಬಟ್ಟಲುಗಳನ್ನು ಕೂರಿಸಿದ್ದಾರೆ, ಪ್ರತಿ ಬಟ್ಟಲಿಗೂ ಸರಪಳಿ ಕಟ್ಟಿದ ಒಂದು ಚಮಚ. ಬಟ್ಟಲಿಗೆ ಸೂಪ್ ಆಗಲೇ ಬಿದ್ದಿರುತ್ತದೆ. ಕೂತು, ಪ್ರಾರ್ಥನೆ ಹೇಳಿ, ಕುಡಿದು, ಇನ್ನೊಂದು ಬಾಗಿಲಲ್ಲಿ ಕಾಲು ಪೌಂಡ್ ಬ್ರೆಡ್ ಕೈಯಲ್ಲಿ ಹಿಡಿದು ಹೊರಗೆ. ಬಟ್ಟಲು ಚಮಚ ಒರೆಸಿ, ಮತ್ತೆ ತುಂಬಿಸಿ, ಮತ್ತೆ ಗಂಟೆ. ಒಂದು ಪಂಕ್ತಿಗೆ ಆರು ನಿಮಿಷ. ಗಂಟೆಗೆ ಸಾವಿರ ಜನ. ನಮ್ಮ ಮದುವೆ ಮನೆಗಳಲ್ಲಿ ಎಲೆ ಹಾಕಿ ಎತ್ತುವಷ್ಟರಲ್ಲಿ ಅಲ್ಲಿ ಏಳೆಂಟು ಪಂಕ್ತಿ ಮುಗಿಯುತ್ತಿತ್ತು!

ಸರಪಳಿ ಕಟ್ಟಿದ ಚಮಚ ಕಳ್ಳತನ ತಡೆಯಲಿಕ್ಕೆ. ಆದರೆ ಅದನ್ನು ಓದುವಾಗ ಮನಸ್ಸಿಗೆ ಕಸಿವಿಸಿಯಾಗುತ್ತದೆ. ಅದಕ್ಕಿಂತ ಹೆಚ್ಚು ಕಸಿವಿಸಿ ಉದ್ಘಾಟನೆಯ ದಿನದ್ದು. ಊರಿನ ಗಣ್ಯರು ಅಲಂಕಾರ ಮಾಡಿಕೊಂಡು ಬಂದು, ಐದು ಶಿಲಿಂಗ್ ದಾನ ಕೊಟ್ಟು, ಹಸಿದವರು ಉಣ್ಣುವುದನ್ನು ನೋಡಿದರು. ಡಬ್ಲಿನ್ನಿನ ಪತ್ರಿಕೆ ಇದನ್ನು ಮೃಗಾಲಯದ ಪ್ರದರ್ಶನದಂತೆ ಕಂಡು ಕಟುವಾಗಿ ಬರೆಯಿತು. ಬರೆದದ್ದು ಸರಿಯಾಗಿಯೇ ಇತ್ತು ಎನಿಸುತ್ತದೆ.

ಯಂತ್ರವಾಗಿ ಮಾತ್ರ ಇದು ಗೆದ್ದಿತು. ಏಪ್ರಿಲ್‌ನಿಂದ ಆಗಸ್ಟ್ ನಡುವಿನವರೆಗೆ 11 ಲಕ್ಷಕ್ಕೂ ಹೆಚ್ಚು ಊಟ, ದಿನಕ್ಕೆ ಸರಾಸರಿ 8,750. ಒಂದು ಪ್ರಯೋಗ ಯಂತ್ರ ಹೀಗೆ ಓಡುವುದು ಇವತ್ತಿಗೂ ಅಪರೂಪ.

ಈಗ ಬಟ್ಟಲಿಗೆ ಬರೋಣ

ಸೊಯರ್ ಪ್ರಕಟಿಸಿದ ಮೊದಲ ಸೂಪಿನ ಲೆಕ್ಕ ಹೀಗಿದೆ. ಎರಡು ಗ್ಯಾಲನ್ ನೀರಿಗೆ ಕಾಲು ಪೌಂಡ್ ದನದ ಮಾಂಸ, ಎರಡು ಔನ್ಸ್ ಕೊಬ್ಬು, ಎರಡು ಈರುಳ್ಳಿ, ಅರ್ಧ ಪೌಂಡ್ ಗೋಧಿ ಹಿಟ್ಟು, ಅರ್ಧ ಪೌಂಡ್ ಬಾರ್ಲಿ, ಮೂರು ಔನ್ಸ್ ಉಪ್ಪು, ಅರ್ಧ ಔನ್ಸ್ ಕಂದು ಸಕ್ಕರೆ, ಒಂದಿಷ್ಟು ತರಕಾರಿ ಸಿಪ್ಪೆ, ಸೊಪ್ಪಿನ ತುದಿಗಳು. ದಿನಕ್ಕೆ ಒಮ್ಮೆ ಇದನ್ನು ಕುಡಿದು ಒಂದು ಬಿಸ್ಕತ್ತು ತಿಂದರೆ ಗಟ್ಟಿಮುಟ್ಟಾದ ಗಂಡಸಿನ ಶಕ್ತಿಯೂ ಉಳಿಯುತ್ತದೆ ಎಂದು ಆತ ಹೇಳಿಕೊಂಡ. ಅಂದಿನ ಕಾಲದ ವೈರಲ್ ಫಾರ್ವರ್ಡ್ ಇದೇ.

ಇಂದಿನ ಆಹಾರ ಕೋಷ್ಟಕ ಇಟ್ಟುಕೊಂಡು ನಾವೇ ಕೂಡಿ ನೋಡೋಣ. ಮಾಂಸ 113 ಗ್ರಾಂ, ಕೊಬ್ಬು 57 ಗ್ರಾಂ, ಹಿಟ್ಟು ಮತ್ತು ಬಾರ್ಲಿ ತಲಾ 227 ಗ್ರಾಂ. ಎಲ್ಲಾ ಸೇರಿ ಹೆಚ್ಚು ಕಡಿಮೆ 2,400 ಕ್ಯಾಲೊರಿ. ಇದು ಒಂಬತ್ತು ಲೀಟರ್ ನೀರಿನಲ್ಲಿ, ಎಂಟು ಬಟ್ಟಲಿಗೆ ಹಂಚಬೇಕು. ಒಬ್ಬರ ಪಾಲಿಗೆ ಸುಮಾರು 300 ಕ್ಯಾಲೊರಿ, ಅಂದರೆ ಮೂರು ಚಪಾತಿಯಷ್ಟು. ಪ್ರೋಟೀನ್ ಒಂಬತ್ತು ಗ್ರಾಂ, ಒಂದೂವರೆ ಮೊಟ್ಟೆಯಷ್ಟು. ಒಬ್ಬರ ಬಟ್ಟಲಿಗೆ ಬೀಳುವ ಮಾಂಸ 14 ಗ್ರಾಂ! ಉಪ್ಪು ಮಾತ್ರ ಹತ್ತು ಗ್ರಾಂ ದಾಟುತ್ತದೆ, ವಿಶ್ವ ಆರೋಗ್ಯ ಸಂಸ್ಥೆ ಇಡೀ ದಿನಕ್ಕೆ ಹೇಳುವ ಐದು ಗ್ರಾಂ ಮಿತಿಯ ಎರಡರಷ್ಟು. ಕಾಲು ಪೌಂಡ್ ಬ್ರೆಡ್ ಸೇರಿಸಿದರೂ ಒಟ್ಟು 600 ಕ್ಯಾಲೊರಿ ತಲುಪುವುದು ಕಷ್ಟ. ಸಾಧಾರಣ ದುಡಿಮೆಯ ಗಂಡಸಿಗೆ ನಮ್ಮ ಐಸಿಎಂಆರ್ ಹೇಳುವುದು ದಿನಕ್ಕೆ ಸುಮಾರು 2,700.

ಕುದಿಸಿದರೆ ಶಕ್ತಿ ಹೆಚ್ಚಾಗುವುದಿಲ್ಲವೇ? ಇಲ್ಲ. ಬಹಳ ಹೊತ್ತು ಕುದಿಸಿದಾಗ ನೀರಿಗೆ ಇಳಿಯುವುದು ರುಚಿ, ಉಪ್ಪಿನಂಶ, ಸ್ವಲ್ಪ ಕೊಬ್ಬು ಮತ್ತು ಜೆಲಟಿನ್. ಪ್ರೋಟೀನಿನ ಬಹುಪಾಲು ಮಾಂಸದ ತುಂಡಿನಲ್ಲೇ ಉಳಿಯುತ್ತದೆ. ನೀರಿಗೆ ಸ್ವಂತ ಕ್ಯಾಲೊರಿ ಇಲ್ಲ. ಹೊಟ್ಟೆ ತುಂಬಿದಂತೆ ಅನಿಸುವುದು ನಿಜ, ಒಂದು ಲೀಟರ್‌ಗಿಂತ ಹೆಚ್ಚು ಬಿಸಿ ದ್ರವ ಹೊಟ್ಟೆಗೆ ಇಳಿದರೆ ಯಾರಿಗಾದರೂ ಹಾಗೆ ಅನಿಸುತ್ತದೆ.

ವಿಚಿತ್ರ ಏನೆಂದರೆ ಇದರ ಅರ್ಧ ಉತ್ತರ ಸೊಯರ್‌ನ ತವರು ದೇಶದಲ್ಲೇ ಆಗಲೇ ಸಿಕ್ಕಿತ್ತು. ಪ್ಯಾರಿಸ್ಸಿನ ಆಸ್ಪತ್ರೆಗಳಲ್ಲಿ ಮೂಳೆಯಿಂದ ತೆಗೆದ ಜೆಲಟಿನ್ ಸೂಪನ್ನು ಬಡವರಿಗೆ ಕೊಡುತ್ತಿದ್ದರು. ಅದು ನಿಜವಾಗಿ ಪೋಷಿಸುತ್ತದೆಯೇ ಎಂದು ಫ್ರಾನ್ಸಿನ ವಿಜ್ಞಾನ ಅಕಾಡೆಮಿ ಸಮಿತಿ ಹಾಕಿತು. ವಿಜ್ಞಾನಿ ಮಾಜಾಂಡಿ ನೇತೃತ್ವದ ಆ ಸಮಿತಿ 1841ರಲ್ಲಿ ವರದಿ ಕೊಟ್ಟಿತು: ಬರೀ ಜೆಲಟಿನ್ ತಿಂದ ನಾಯಿಗಳು ಬದುಕುವುದಿಲ್ಲ. ಕಾರಣ ನಂತರ ಗೊತ್ತಾಯಿತು. ದೇಹ ತಾನೇ ತಯಾರಿಸಲಾಗದ ಟ್ರಿಪ್ಟೊಫಾನ್ ಎಂಬ ಅಮೈನೊ ಆಮ್ಲ ಜೆಲಟಿನ್‌ನಲ್ಲಿ ಇಲ್ಲವೇ ಇಲ್ಲ. ಇವತ್ತಿನ ‘ಬೋನ್ ಬ್ರಾತ್’ ಫಾರ್ವರ್ಡ್ ಬಂದಾಗ ಈ ನಾಯಿಗಳನ್ನು ನೆನೆಯಬಹುದು.

ವೈದ್ಯರು ಸುಮ್ಮನಿರಲಿಲ್ಲ. ಲಂಡನ್ನಿನ ವೈದ್ಯ ಪತ್ರಿಕೆ ಲ್ಯಾನ್ಸೆಟ್ ಈ ಸೂಪನ್ನು ಕಟುವಾಗಿ ಟೀಕಿಸಿತು. ಡಬ್ಲಿನ್ನಿನ ಹಿರಿಯ ವೈದ್ಯ ಹೆನ್ರಿ ಮಾರ್ಷ್, ದುಡಿಯುವವನಿಗೆ ದ್ರವಾಹಾರ ಸಾಲದು, ಗಟ್ಟಿ ಆಹಾರ ಬೇಕು ಎಂದು ಬರೆದರು. ಸೊಯರ್ ವಾದಿಸಿದ್ದು ಬಾಣಸಿಗನ ರೀತಿಯಲ್ಲಿ: ರುಚಿ ನೋಡಿದ್ದೇನೆ, ಉಂಡವರು ಮೆಚ್ಚಿದ್ದಾರೆ. ಆತ ಸುಳ್ಳು ಹೇಳುತ್ತಿರಲಿಲ್ಲ. ಕ್ಯಾಲೊರಿ ಲೆಕ್ಕ ಆಗಿನ್ನೂ ಬಳಕೆಯಲ್ಲಿರಲಿಲ್ಲ, ವಿಟಮಿನ್ ಎಂಬ ಪದವೇ ಹುಟ್ಟಿರಲಿಲ್ಲ. ಆಲೂಗಡ್ಡೆ ಹೋದ ಮೇಲೆ ಐರ್ಲೆಂಡಿನಲ್ಲಿ ಸ್ಕರ್ವಿ ಹರಡಿತು, ಒಸಡಿನಲ್ಲಿ ರಕ್ತ, ಕಾಲಿನಲ್ಲಿ ಕಪ್ಪು ಕಲೆ. ಬಹಳ ಹೊತ್ತು ಕುದಿಸಿದ ಬಾರ್ಲಿ ಸೂಪಿನಲ್ಲಿ ವಿಟಮಿನ್ ಸಿ ಹೆಚ್ಚೇನೂ ಉಳಿಯುವುದಿಲ್ಲ.

ಹಾಗಾದರೆ ಗಂಜಿ ಕೇಂದ್ರಗಳಿಂದ ಪ್ರಯೋಜನವೇ ಆಗಲಿಲ್ಲವೇ? ಹಾಗೆ ಹೇಳಿದರೆ ಅದೂ ತಪ್ಪು ಫಾರ್ವರ್ಡ್ ಆದೀತು. 1847ರ ಜುಲೈನಲ್ಲಿ ಇಡೀ ಐರ್ಲೆಂಡಿನಲ್ಲಿ ದಿನಕ್ಕೆ 30 ಲಕ್ಷ ಜನರಿಗೆ ಹೀಗೆ ಆಹಾರ ಸಿಗುತ್ತಿತ್ತು. ಎಲ್ಲ ಕಡೆ ಸೊಯರ್‌ನ ಸೂಪೇ ಇರಲಿಲ್ಲ, ಮೆಕ್ಕೆಜೋಳ, ಅಕ್ಕಿ, ಓಟ್ಸ್‌ನ ಗಟ್ಟಿ ಗಂಜಿಯೂ ಇತ್ತು. ಬರದ ಆ ವರ್ಷಗಳಲ್ಲಿ ಸರ್ಕಾರ ಮಾಡಿದ್ದರಲ್ಲಿ ಹೆಚ್ಚು ಜೀವ ಉಳಿಸಿದ ಕೆಲಸ ಇದೇ ಎಂದು ಇತಿಹಾಸಕಾರರು ಒಪ್ಪುತ್ತಾರೆ. ದುರಂತವೆಂದರೆ ಅದೇ ಶರತ್ಕಾಲದ ಹೊತ್ತಿಗೆ ಸರ್ಕಾರ ಇದನ್ನು ನಿಲ್ಲಿಸಿತು. ಬರ ಮುಗಿದಿರಲಿಲ್ಲ. ಒಟ್ಟು ಸುಮಾರು ಹತ್ತು ಲಕ್ಷ ಜನ ಸತ್ತರು, ಅದಕ್ಕಿಂತ ಹೆಚ್ಚು ಜನ ದೇಶ ಬಿಟ್ಟರು.

ಇದೇ ಪ್ರಶ್ನೆ ಮೂವತ್ತು ವರ್ಷದ ನಂತರ ನಮ್ಮ ಮನೆ ಬಾಗಿಲಿಗೂ ಬಂತು. ಮೈಸೂರು, ಮದ್ರಾಸ್ ಸೀಮೆಗಳನ್ನು ನುಂಗಿದ 1876-78ರ ಬರ, ನಮ್ಮ ಹಿರಿಯರು ಧಾತು ಈಶ್ವರ ಬರ ಎನ್ನುತ್ತಿದ್ದದ್ದು. ಪರಿಹಾರ ಕಾಮಗಾರಿಯಲ್ಲಿ ದುಡಿಯುವವರಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯದ ಲೆಕ್ಕದ ಕೂಲಿ ಸಾಕು ಎಂದು ಅಧಿಕಾರಿ ರಿಚರ್ಡ್ ಟೆಂಪಲ್ ತೀರ್ಮಾನಿಸಿದ. ಮದ್ರಾಸಿನ ಆರೋಗ್ಯಾಧಿಕಾರಿ ಡಾ. ಕಾರ್ನಿಷ್, ಇದು ನಿಧಾನವಾಗಿ ಕೊಲ್ಲುವ ಪ್ರಮಾಣ ಎಂದು ಲೆಕ್ಕ ಸಮೇತ ಹಟ ಹಿಡಿದರು. 1877ರಲ್ಲಿ ಕೂಲಿ ಏರಿಸಬೇಕಾಯಿತು. ಅಷ್ಟರಲ್ಲಿ ಎಷ್ಟೋ ಮನೆಗಳು ಖಾಲಿಯಾಗಿದ್ದವು.

ಎರಡನೇ ಯಂತ್ರ

ಡಬ್ಲಿನ್ ಅಧ್ಯಾಯದ ನಂತರ ಸೊಯರ್ ಬಡವರಿಗಾಗಿ ಅಗ್ಗದ ಅಡುಗೆ ಪುಸ್ತಕ ಬರೆದ, ಮೇಜಿನ ಮೇಲೆ ಇಡುವ ಸ್ಪಿರಿಟ್ ಒಲೆ ಮಾರಿದ, ಕ್ಲಬ್ ಬಿಟ್ಟ, 1851ರ ಲಂಡನ್ ಮಹಾ ಪ್ರದರ್ಶನದ ಹೊತ್ತಿಗೆ ಭಾರೀ ಭೋಜನಶಾಲೆ ತೆರೆದು ಸುಮಾರು 7,000 ಪೌಂಡ್ ಕಳೆದುಕೊಂಡ. ಆ ದಿನಗಳಲ್ಲಿ ಅದೊಂದು ದೊಡ್ಡ ಆಸ್ತಿ.

1855ರ ಫೆಬ್ರವರಿಯಲ್ಲಿ ಮತ್ತೆ ಪತ್ರಿಕೆಗೆ ಒಂದು ಪತ್ರ. ಕ್ರೈಮಿಯಾ ಯುದ್ಧದಲ್ಲಿ ಬ್ರಿಟಿಷ್ ಸೈನಿಕರು ಗುಂಡಿಗಿಂತ ಹೆಚ್ಚಾಗಿ ಕಾಯಿಲೆ, ಕೆಟ್ಟ ಊಟದಿಂದ ಸಾಯುತ್ತಿದ್ದರು. ತನ್ನ ಸ್ವಂತ ಖರ್ಚಿನಲ್ಲಿ ಬರುತ್ತೇನೆ ಎಂದ ಸೊಯರ್, ಹೊರಡುವ ಮೊದಲು ಕೆಲವೇ ದಿನಗಳಲ್ಲಿ ಸೇನೆಗೆಂದು ಒಂದು ಒಲೆಯ ಮಾದರಿ ಮಾಡಿಸಿದ. ಈ ಸಲವೂ ಸಮಯವಿರಲಿಲ್ಲ. ಮಾರ್ಚ್‌ನಲ್ಲಿ ಆತ ಈಗಿನ ಇಸ್ತಾಂಬುಲ್‌ನ ಎದುರು ದಂಡೆಯಲ್ಲಿರುವ ಸ್ಕುಟಾರಿ ಆಸ್ಪತ್ರೆಯಲ್ಲಿದ್ದ. ಫ್ಲಾರೆನ್ಸ್ ನೈಟಿಂಗೇಲ್ ಆಗಲೇ ಅಲ್ಲಿ ಕೆಲಸ ಮಾಡುತ್ತಿದ್ದರು.

ಅಲ್ಲಿ ಮಾಂಸಕ್ಕೆ ಕೊರತೆ ಅಷ್ಟಿರಲಿಲ್ಲ, ಅಡುಗೆಗೆ ಇತ್ತು. ತಮ್ಮ ಪಾಲು ಗುರುತಿಸಲು ಒಂದೊಂದು ಗುಂಪಿನವರೂ ಮಾಂಸವನ್ನು ಮರದ ಕೋಲಿಗೆ ಬಿಗಿಯಾಗಿ ಕಟ್ಟಿ, ಹಳೆ ಮೊಳೆಯೋ ಕತ್ತರಿಯೋ ಸಿಕ್ಕಿಸಿ ಹಂಡೆಗೆ ಬಿಡುತ್ತಿದ್ದರು. ಹೊರಗೆ ಬೆಂದು ಒಳಗೆ ಹಸಿ. ಬೇಯಿಸಿದ ನೀರನ್ನು ಚೆಲ್ಲಿ, ಅದೇ ಹಂಡೆಯಲ್ಲಿ ಟೀ. ಸೊಯರ್ ಕಟ್ಟು ಸಡಿಲಿಸಿದ, ಸಾರನ್ನು ಉಳಿಸಿದ, ಮೇಲೆ ತೇಲುವ ಕೊಬ್ಬನ್ನು ತೆಗೆದಿಟ್ಟು ಬಳಸಿದ, ಸೈನಿಕರಲ್ಲೇ ಕೆಲವರಿಗೆ ಅಡುಗೆ ಕಲಿಸಿದ. ಐವತ್ತು ಜನಕ್ಕೆ ಒಮ್ಮೆಗೆ ಟೀ ಸೋಸಿ ಕೊಡುವ ಕೆಟಲ್ ಕೂಡ ಮಾಡಿಸಿದ.

ಒಲೆ ಎಂದರೆ ತಗಡಿನ ಡ್ರಮ್. ಒಳಗೆ ಉರಿ, ಅದರ ಮೇಲೆ ಕೂರುವ ಪಾತ್ರೆ, ಮುಚ್ಚಳ, ಒಂದು ಚಿಕ್ಕ ಚಿಮಣಿ. ಸುತ್ತ ಮುಚ್ಚಿದ್ದರಿಂದ ಶಾಖ ಗಾಳಿಗೆ ಹೋಗುವುದಿಲ್ಲ, ಬಯಲು ಒಲೆಗೆ ಬೇಕಾದ ಸೌದೆಯ ಒಂದು ಸಣ್ಣ ಪಾಲು ಸಾಕು. ಮಳೆ ಗಾಳಿಯಲ್ಲೂ ಉರಿಯುತ್ತದೆ, ರಾತ್ರಿ ಬೆಂಕಿಯ ಬೆಳಕು ಶತ್ರುವಿಗೆ ಕಾಣುವುದಿಲ್ಲ, ಒಂದು ಹೇಸರಗತ್ತೆಯ ಮೇಲೆ ಎರಡು ಒಲೆ ಹೇರಬಹುದು. ನಮ್ಮ ಹಳ್ಳಿಗಳಿಗೆ ಬಂದ ಹೊಗೆರಹಿತ ಅಸ್ತ್ರ ಒಲೆಯ ಹಿಂದಿರುವ ಯೋಚನೆಯೂ ಇದೇ: ಉರಿಯನ್ನು ಮುಚ್ಚಿ, ಶಾಖವನ್ನು ಪಾತ್ರೆಗೇ ಕೊಡು.

ಸ್ಕುಟಾರಿಯಲ್ಲಿ ಸಾವು ಇಳಿದದ್ದು ಸೊಯರ್‌ನ ಅಡುಗೆಯಿಂದ ಎಂದು, ಅಥವಾ ನೈಟಿಂಗೇಲ್ ಒಬ್ಬರಿಂದಲೇ ಎಂದು ಬರುವ ಪೋಸ್ಟ್‌ಗಳನ್ನು ಪೂರ್ತಿ ನಂಬಬೇಡಿ. 1855ರ ಫೆಬ್ರವರಿಯಲ್ಲಿ ಅಲ್ಲಿ ಸಾವಿನ ಪ್ರಮಾಣ ನೂರಕ್ಕೆ 42ರಷ್ಟಿತ್ತು. ಮಾರ್ಚ್‌ನಲ್ಲಿ ಬಂದ ನೈರ್ಮಲ್ಯ ಆಯೋಗ ಚರಂಡಿ ತೊಳೆಸಿ, ಕುಡಿಯುವ ನೀರು ಸರಿಪಡಿಸಿ, ಗಾಳಿ ಬೆಳಕು ಬಿಡಿಸಿತು. ಅಂಕಿ ಕುಸಿಯಲು ದೊಡ್ಡ ಕಾರಣ ಅದು. ಒಳ್ಳೆಯ ಊಟ ಚೇತರಿಕೆಗೆ ನೆರವಾಯಿತು.

ಸೈನಿಕನ ದಿನದ ಪಡಿತರ ಒಂದು ಪೌಂಡ್ ಮಾಂಸ, ಅಂದರೆ ಸುಮಾರು 450 ಗ್ರಾಂ, ಜೊತೆಗೆ ಬ್ರೆಡ್ ಅಥವಾ ಬಿಸ್ಕತ್ತು. ಡಬ್ಲಿನ್ನಿನ ಬಟ್ಟಲಲ್ಲಿ 14 ಗ್ರಾಂ. ಅಡುಗೆಯವನು ಒಬ್ಬನೇ, ಆತನ ಕೈಚಳಕವೂ ಅದೇ.

ಕ್ರೈಮಿಯಾದಲ್ಲಿ ಹಿಡಿದ ಜ್ವರ ಸೊಯರ್‌ನ ಆರೋಗ್ಯವನ್ನು ಕೆಡಿಸಿತ್ತು. ಆದರೂ ಊರಿಗೆ ಮರಳಿ ಅನುಭವವನ್ನು ಪುಸ್ತಕ ಮಾಡಿದ, ಸೇನೆಯ ಅಡುಗೆ ಸುಧಾರಣೆಗಾಗಿ ನೈಟಿಂಗೇಲ್ ಜೊತೆ ದುಡಿದ. 1858ರ ಜುಲೈ ಕೊನೆಯಲ್ಲಿ ಲಂಡನ್ನಿನ ವೆಲಿಂಗ್ಟನ್ ಬ್ಯಾರಕ್ಸ್‌ನಲ್ಲಿ ಆತ ರೂಪಿಸಿದ ಮಾದರಿ ಅಡುಗೆಮನೆ ತೆರೆಯಿತು. ಕೆಲವೇ ದಿನಗಳಲ್ಲಿ, ಆಗಸ್ಟ್ 5ರಂದು, 48ನೇ ವಯಸ್ಸಿನಲ್ಲಿ ತೀರಿಕೊಂಡ. ಕೆನ್ಸಲ್ ಗ್ರೀನ್‌ನಲ್ಲಿ ಎಮ್ಮಾಳ ಸಮಾಧಿಯಲ್ಲೇ ಆತನನ್ನೂ ಇಟ್ಟರು. ಒಲೆ ಮಾತ್ರ ಸಣ್ಣಪುಟ್ಟ ಬದಲಾವಣೆಗಳೊಂದಿಗೆ 20ನೇ ಶತಮಾನದ ಕೊನೆಯ ದಶಕಗಳವರೆಗೂ ಬ್ರಿಟಿಷ್ ಸೇನೆಯಲ್ಲಿ ಉರಿಯುತ್ತಿತ್ತು.